ಕರಡಿಯ ಜಾಡು ಹಿಡಿದ ಕೆನೆತ್ ಆಂಡರ್ಸನ್

ಬೆಂಗಳೂರಿನಿಂದ ಅರಸೀಕೆರೆಗೆ ಹೋಗುವ ಹಳೆಯ ರಸ್ತೆ ನೆಲಮಂಗಲ, ದಾಬಸ್‌ಪೇಟೆ ದಾಟಿ ನಮ್ಮ ಕ್ಯಾತ್ಸಂದ್ರವನ್ನು ಹಾದು ತುಮಕೂರು ಸೇರುತ್ತದೆ. ಅಲ್ಲಿಂದ ಗುಬ್ಬಿ, ನಿಟ್ಟೂರು, ತಿಪಟೂರು, ಆಮೇಲೆ ಅರಸೀಕೆರೆ. ಇನ್ನೂ ಮುಂದೆ ಹೋದರೆ ಕಡೂರು, ಬೀರೂರು, ತರೀಕೆರೆ, ಶಿವಮೊಗ್ಗ. ಈ ದಾರಿಯಲ್ಲಿ ಸಾವಿರಾರು ಜನ ಓಡಾಡಿದ್ದಾರೆ. ಅವರಲ್ಲೊಬ್ಬರು ಕಾರಿನಲ್ಲಿ ಕೋವಿ, ಟಾರ್ಚು, ಚಹದ ಫ್ಲಾಸ್ಕು ಇಟ್ಟುಕೊಂಡು ಮತ್ತೆ ಮತ್ತೆ ಬಂದು ಹೋದರು. ಹೊಸದುರ್ಗ, ಹೊಳಲ್ಕೆರೆ, ಯಮ್ಮೆದೊಡ್ಡಿ, ಚೋರಡಿ, ತ್ಯಾಗರ್ತಿ ಎಂಬ ನಮ್ಮ ನಾಡಿನ ಊರುಗಳ ಹೆಸರನ್ನು ಇಂಗ್ಲಿಷ್ ಪುಸ್ತಕಗಳಲ್ಲಿ ಅಚ್ಚು ಹಾಕಿಸಿ ಇಂಗ್ಲೆಂಡಿನ ಓದುಗರಿಗೂ ಮುಟ್ಟಿಸಿದರು. ಅವರೇ ಕೆನೆತ್ ಆಂಡರ್ಸನ್.

ನಮ್ಮ ಶಾಲೆಯ ಮಕ್ಕಳು ನಿತ್ಯ ನೋಡುವ ದೇವರಾಯನದುರ್ಗದ ಬೆಟ್ಟವೂ ಅವರ ಪುಸ್ತಕದಲ್ಲಿದೆ. 1954ರಲ್ಲಿ ಪ್ರಕಟವಾದ ಅವರ ಮೊದಲ ಪುಸ್ತಕದಲ್ಲಿ ಆ ಬೆಟ್ಟದಲ್ಲಿ ಒಂಟಿಯಾಗಿದ್ದ ಹುಲಿಯೊಂದಕ್ಕೆ ಅವರು ಸನ್ಯಾಸಿ ಎಂದು ಹೆಸರಿಟ್ಟು ಒಂದು ಅಧ್ಯಾಯವನ್ನೇ ಬರೆದಿದ್ದಾರೆ. ಯೋಗಾನರಸಿಂಹ, ಭೋಗಾನರಸಿಂಹ ಇಬ್ಬರೂ ಇರುವ ಬೆಟ್ಟದಲ್ಲಿ ಹುಲಿಗೂ ಸನ್ಯಾಸ ಸಿಕ್ಕಿದ್ದು ಸರಿಯಾಗಿಯೇ ಇದೆ. ಆದರೆ ನಾನು ಇಲ್ಲಿ ಬರೆಯಹೊರಟಿರುವುದು ಆ ಹುಲಿಯ ಬಗ್ಗೆ ಅಲ್ಲ. ಹುಲಿ ನಮ್ಮ ಬೆಟ್ಟಗಳಿಂದ ಹೋಗಿ ಎಷ್ಟೋ ಕಾಲವಾಯಿತು. ಕರಡಿ ಹೋಗಿಲ್ಲ. ಪಾವಗಡ, ಮಧುಗಿರಿ, ಕೊರಟಗೆರೆ ಕಡೆಯಿಂದ ಈ ಶಾಲೆಗೆ ಬಂದು ಓದಿದವರಿಗೆ, ಬೆಳಗಿನ ಜಾವ ಹೊಲಕ್ಕೆ ಹೋದವರು ಕರಡಿಗೆ ಸಿಕ್ಕಿದ ಕಥೆಯನ್ನು ಹೊಸದಾಗಿ ಹೇಳಬೇಕಿಲ್ಲ. ಆದ್ದರಿಂದ ಆಂಡರ್ಸನ್ ಅವರ ಜೀವನವನ್ನು ಕರಡಿಯ ಕಡೆಯಿಂದ ನೋಡುವುದು ನಮ್ಮವರಿಗೆ ಹೆಚ್ಚು ಹತ್ತಿರವಾದೀತು ಎಂದು ನನ್ನ ಎಣಿಕೆ.

ಆಂಡರ್ಸನ್ ಹುಟ್ಟಿದ್ದು 1910ರ ಮಾರ್ಚ್ 8ರಂದು, ಹೈದರಾಬಾದಿನ ಬಳಿಯ ಬೊಲಾರಂನಲ್ಲಿ. ಸ್ಕಾಟ್‌ಲೆಂಡಿನಿಂದ ಬಂದು ಆರು ತಲೆಮಾರಿನಿಂದ ಭಾರತದಲ್ಲೇ ನೆಲೆ ನಿಂತ ಕುಟುಂಬ ಅವರದು. ತಂದೆ ಸೈನ್ಯದವರ ಸಂಬಳದ ಲೆಕ್ಕ ನೋಡುವ ಇಲಾಖೆಯಲ್ಲಿ ಅಧಿಕಾರಿ. ಹುಡುಗ ಬೆಳೆದದ್ದು ಬೆಂಗಳೂರಿನಲ್ಲಿ. ಬಿಷಪ್ ಕಾಟನ್ ಶಾಲೆ, ಸೇಂಟ್ ಜೋಸೆಫ್ ಕಾಲೇಜು. ಕಾನೂನು ಓದಲೆಂದು ಎಡಿನ್‌ಬರೋಗೆ ಕಳಿಸಿದರೆ ಓದನ್ನು ನಡುವೆಯೇ ಬಿಟ್ಟು ಹಿಂದಿರುಗಿದರು. ಆ ದೇಶದಲ್ಲಿ ಅವರಿಗೆ ಕಾಡು ಇರಲಿಲ್ಲ. ಬೆಂಗಳೂರಿಗೆ ಬಂದು ಹದಿನೈದು ವರ್ಷ ಅಂಚೆ ಮತ್ತು ತಂತಿ ಇಲಾಖೆಯಲ್ಲಿ ಕೆಲಸ ಮಾಡಿದರು. ಆಮೇಲೆ ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಯೋಜನಾ ವಿಭಾಗದ ವ್ಯವಸ್ಥಾಪಕರಾದರು. ಮದುವೆ, ಇಬ್ಬರು ಮಕ್ಕಳು. ಮಗ ಡೊನಾಲ್ಡ್ ಕೂಡ ತಂದೆಯ ಜೊತೆ ಕಾಡು ಸುತ್ತಿದವರು. ಅವರು 2014ರವರೆಗೂ ಬೆಂಗಳೂರಿನಲ್ಲೇ ಬದುಕಿದ್ದರು.

ಇದನ್ನೆಲ್ಲ ಬೇಗ ಹೇಳಿ ಮುಗಿಸಲು ಕಾರಣವಿದೆ. ಆಂಡರ್ಸನ್ ರಾಜಮನೆತನದವರಲ್ಲ, ದೊಡ್ಡ ಅಧಿಕಾರಿಯಲ್ಲ. ನೂರಾರು ಜನರನ್ನು ಕಟ್ಟಿಕೊಂಡು, ಆನೆಗಳ ಮೇಲೆ ಕುಳಿತು, ಕಾಡನ್ನು ಸೋಸಿ ಬೇಟೆಯಾಡುವುದು ಅವರಿಂದ ಆಗದ ಮಾತು. ರಜೆ ಸಿಕ್ಕಾಗ ಹೋಗಬೇಕು, ರಜೆ ಮುಗಿದಾಗ ಬರಬೇಕು. ಹಾಗಾಗಿ ಅವರ ಬೇಟೆಯೆಲ್ಲ ಹಳ್ಳಿಯ ಜನರನ್ನು ನಂಬಿಕೊಂಡೇ ನಡೆಯಿತು. ಕನ್ನಡ ಮತ್ತು ತಮಿಳು ಚೆನ್ನಾಗಿ ಬರುತ್ತಿದ್ದುದರಿಂದ ದನಗಾಹಿ, ಗಾರ್ಡು, ಗಾಡಿ ಹೊಡೆಯುವವನು, ಚಹದ ಅಂಗಡಿಯವನು ಎಲ್ಲರೊಡನೆ ನೇರವಾಗಿ ಮಾತಾಡುತ್ತಿದ್ದರು. ಸೇಲಂ ಜಿಲ್ಲೆಯ ಕಾಡಿನ ಬೈರ ಎಂಬ ಪೂಜಾರಿ ಬುಡಕಟ್ಟಿನ ಮನುಷ್ಯನನ್ನು ತಮ್ಮ ಗುರುಗಳಲ್ಲೊಬ್ಬನೆಂದು ಎಣಿಸಿ, ಅವನ ಮೇಲೆ ಒಂದು ಅಧ್ಯಾಯ ಬರೆದರು. ಕಾಡಿನಲ್ಲಿ ಗುರುವಿಗೆ ಪದವಿ ಬೇಕಿಲ್ಲ ಎಂಬುದು ಅವರಿಗೆ ಬೇಗ ತಿಳಿದಿತ್ತು. 1939ರಿಂದ 1966ರವರೆಗೆ ಸರ್ಕಾರದ ಲೆಕ್ಕಕ್ಕೆ ಸಿಕ್ಕಂತೆ ಎಂಟು ನರಭಕ್ಷಕ ಚಿರತೆಗಳನ್ನೂ ಏಳು ನರಭಕ್ಷಕ ಹುಲಿಗಳನ್ನೂ ಅವರು ಕೊಂದರು.

ಇನ್ನು ಕರಡಿ. ನಾಗವಾರದ ಬೆಟ್ಟಗಳೆಂದು ಅವರು ಕರೆಯುವ ಪ್ರದೇಶ ಅರಸೀಕೆರೆಯ ಪೂರ್ವಕ್ಕಿದೆ. ಬೆಂಗಳೂರಿನಿಂದ ನೂರು ಮೈಲಿಗೂ ಮೀರಿದ ದೂರ. ಕಲ್ಲುಬಂಡೆ, ಗವಿ, ಕುರುಚಲು ಗಿಡ, ತಪ್ಪಲಲ್ಲಿ ಹೊಲ. ನಮ್ಮ ಕಡೆಯ ಬೆಟ್ಟಗಳನ್ನು ನೋಡಿದವರಿಗೆ ಅದೂ ಹಾಗೆಯೇ ಎಂದರೆ ಸಾಕು. ಅಲ್ಲಿ ಒಂದು ಕರಡಿ ಜನರ ಮೇಲೆ ಬೀಳತೊಡಗಿತು. ಒಂದೆರಡಲ್ಲ, ಮೂವತ್ತಾರು ಜನರ ಮೇಲೆ. ಹನ್ನೆರಡು ಜನ ಸತ್ತರು. ಬದುಕಿದವರಲ್ಲಿ ಕಣ್ಣು ಹೋದವರು, ಮೂಗು ಹೋದವರು, ಮುಖವೇ ಇಲ್ಲದಂತಾದವರು. ಸತ್ತವರಲ್ಲಿ ಮೂವರ ದೇಹವನ್ನು ಅದು ಸ್ವಲ್ಪಮಟ್ಟಿಗೆ ತಿಂದಿತ್ತು ಎಂಬುದೂ ದಾಖಲಾಗಿದೆ. ಕರಡಿಯ ಜಾತಿಗೆ ಇದು ಹೊರತಾದ ನಡತೆ.

ನಮ್ಮ ಕರಡಿಯ ಆಹಾರ ಗೆದ್ದಲು, ಇರುವೆ, ಜೇನು, ಹಣ್ಣು. ಮೇಲ್ದವಡೆಯ ನಡುವಿನ ಎರಡು ಹಲ್ಲು ಅದಕ್ಕೆ ಇರುವುದಿಲ್ಲ. ಆ ಸಂದಿನಿಂದಲೇ ಹುತ್ತದೊಳಗಿನ ಗೆದ್ದಲನ್ನು ಹೀರಿ ಎಳೆಯುತ್ತದೆ. ಆ ಹೀರುವ ಸದ್ದು ರಾತ್ರಿಯಲ್ಲಿ ಬಹಳ ದೂರ ಕೇಳಿಸುತ್ತದೆ. ಮುಂಗಾಲಿನ ಉಗುರುಗಳು ಬೆರಳುದ್ದ. ಹುತ್ತ ಒಡೆಯಲು ಕೊಟ್ಟದ್ದು, ಆದರೆ ಮನುಷ್ಯನ ಮುಖಕ್ಕೆ ತಾಕಿದರೆ ಕೊಯ್ಲಿನ ಕುಡುಗೋಲಿನ ಹಾಗೆ. ಕಣ್ಣು ಮಂದ, ಕಿವಿ ಮಂದ, ಮೂಗು ಮಾತ್ರ ಚುರುಕು. ಗಾಳಿ ನಮ್ಮ ಕಡೆಯಿಂದ ಅದರ ಕಡೆಗೆ ಬೀಸದಿದ್ದರೆ, ಹುತ್ತಕ್ಕೆ ಮೂತಿ ಹಾಕಿ ಕುಳಿತ ಕರಡಿಗೆ ನಾವು ಹತ್ತು ಹೆಜ್ಜೆ ಹತ್ತಿರ ಹೋಗುವತನಕ ಗೊತ್ತಾಗುವುದಿಲ್ಲ. ಗೊತ್ತಾದಾಗ ಗಾಬರಿಬಿದ್ದು ಹಿಂಗಾಲ ಮೇಲೆ ಎದ್ದು ಬೀಳುತ್ತದೆ. ಅರ್ಧಕ್ಕರ್ಧ ಅನಾಹುತಗಳು ಹೀಗೆ ಆಗುವಂಥವು, ಅದರಲ್ಲಿ ಹಗೆತನವಿಲ್ಲ.

ಕಾಲವೂ ಮುಖ್ಯ. ಕಾರ್ತಿಕದಿಂದ ಪುಷ್ಯದ ಸುಮಾರಿಗೆ ಗವಿಯಲ್ಲಿ ಮರಿ ಹಾಕಿದ ತಾಯಿ, ಶಿವರಾತ್ರಿ ಕಳೆದು ಯುಗಾದಿ ಹತ್ತಿರವಾಗುವ ಹೊತ್ತಿಗೆ ಮರಿಗಳನ್ನು ಬೆನ್ನ ಮೇಲೆ ಕೂರಿಸಿಕೊಂಡು ಹೊರಗೆ ಬರುತ್ತದೆ. ಆಗಲೇ ಹೊಳೆ ಹಳ್ಳ ಬತ್ತಿರುತ್ತವೆ, ನೀರು ಇರುವ ಕಡೆ ಜನವೂ ಇರುತ್ತಾರೆ. ಆಗಲೇ ಅತ್ತಿ, ಆಲ, ಬಸರಿ ಮರಗಳು ಒಂದಾದ ಮೇಲೊಂದು ಹಣ್ಣು ಬಿಡುತ್ತವೆ, ಸೌದೆಗೆ ಹೋಗುವವರೂ ಹುಣಸೆ ಬಡಿಯುವವರೂ ಬೆಟ್ಟಕ್ಕೆ ಏರುತ್ತಾರೆ. ಚೈತ್ರ ವೈಶಾಖಗಳು ನಮಗೆ ಹಬ್ಬದ ತಿಂಗಳು. ಬೆಟ್ಟದ ಬುಡದ ಹಳ್ಳಿಗೆ ಎಚ್ಚರದ ತಿಂಗಳು.

ನಾಗವಾರದ ಕರಡಿಗೆ ಯಾಕೆ ಹೀಗಾಯಿತು ಎಂಬುದಕ್ಕೆ ಆ ಊರುಗಳಲ್ಲಿ ಎರಡು ಮೂರು ಕಥೆಗಳಿದ್ದವು. ಮರಿ ಕಳೆದುಕೊಂಡ ತಾಯಿ ಎಂದು ಕೆಲವರು. ಯಾವುದೋ ಹುಡುಗಿಯನ್ನು ಹೊತ್ತೊಯ್ದಿತ್ತು, ಜನ ಬಿಡಿಸಿಕೊಂಡು ಬಂದಮೇಲೆ ಸೇಡು ಹಿಡಿಯಿತು ಎಂದು ಕೆಲವರು. ಈ ಎರಡನೆಯ ಕಥೆ ಕರಡಿ ಇರುವ ಊರಿನಲ್ಲೆಲ್ಲ ಇದೆ, ನಮ್ಮಲ್ಲೂ ಇದೆ. ಆಂಡರ್ಸನ್ ಅದನ್ನು ನಂಬಲಿಲ್ಲ. ಯಾರೋ ಮನುಷ್ಯರೇ ಹಿಂದೆ ಅದಕ್ಕೆ ಗಾಯ ಮಾಡಿರಬೇಕು, ಅಲ್ಲಿಂದ ಮನುಷ್ಯರನ್ನು ಕಂಡರಾಗದು ಎಂಬುದು ಅವರ ತರ್ಕ. ನರಭಕ್ಷಕ ಹುಲಿ ಚಿರತೆಗಳ ವಿಷಯದಲ್ಲೂ ಅವರು ಮತ್ತೆ ಮತ್ತೆ ಈ ಕಡೆಗೇ ಬರುತ್ತಾರೆ: ತಪ್ಪಿದ ಗುಂಡು, ಸರಿಯಾಗಿ ಮಾಯದ ಗಾಯ. ನನಗೂ ಇದೇ ಸರಿ ಎನಿಸುತ್ತದೆ.

ಅವರು ಆ ಕರಡಿಯ ಬೆನ್ನು ಹತ್ತಲು ಕಾರಣನಾದವನು ಆಲಂ ಬಕ್ಷ್. ರಸ್ತೆಯ ಬದಿಯ ಒಂದು ದರ್ಗಾ ನೋಡಿಕೊಂಡಿದ್ದ ಬಡ ಮುಸಲ್ಮಾನ. ಆ ಹಾದಿಯಲ್ಲಿ ಹೋಗಿ ಬರುತ್ತಿದ್ದ ಆಂಡರ್ಸನ್‌ಗೆ ಪರಿಚಿತ. ಅವನಿಗೆ 22 ವರ್ಷದ ಮಗನಿದ್ದ. ಒಂದು ರಾತ್ರಿ ಹುಡುಗ ಮನೆಯಿಂದ ಹೊರಗೆ ಬಂದಾಗ ಹತ್ತಿರದಲ್ಲೇ ಅತ್ತಿಯ ಹಣ್ಣಿಗೆ ಬಂದಿದ್ದ ಕರಡಿ ಅವನ ಮೇಲೆ ಬಿತ್ತು. ಹುಡುಗ ಉಳಿಯಲಿಲ್ಲ. ಸುದ್ದಿ ಬೆಂಗಳೂರಿಗೆ ಮುಟ್ಟಿತು, ಆಂಡರ್ಸನ್ ಹೊರಟರು.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಹುಲಿ ಅಥವಾ ಚಿರತೆಯ ಬೇಟೆಯಾಗಿದ್ದರೆ ಅವರಿಗೆ ದಾರಿ ಗೊತ್ತಿತ್ತು. ಅದು ಕೊಂದದ್ದನ್ನು ತಿನ್ನಲು ಮರಳಿ ಬರುತ್ತದೆ. ಹತ್ತಿರದ ಮರದಲ್ಲಿ ಅಟ್ಟಣೆ ಕಟ್ಟಿ ಕೂತರೆ ಆಯಿತು. ಇಲ್ಲವೇ ಒಂದು ಎಮ್ಮೆಗರುವನ್ನೋ ಆಡನ್ನೋ ಕಟ್ಟಿ ಕಾಯಬಹುದು. ಕರಡಿಗೆ ಇದೊಂದೂ ನಡೆಯುವುದಿಲ್ಲ. ಅದು ಸಿಟ್ಟಿಗೆ ಕೊಲ್ಲುತ್ತದೆಯೇ ಹೊರತು ಹಸಿವಿಗಲ್ಲ. ಕೊಂದ ಜಾಗಕ್ಕೆ ಹಿಂದಿರುಗುವ ಅಗತ್ಯ ಅದಕ್ಕಿಲ್ಲ. ಆಡು ಕಟ್ಟಿದರೆ ಪಕ್ಕದಲ್ಲೇ ಹಾದುಹೋಗಬಹುದು. ಹಾಗಾದರೆ ಪರಸ್ಥಳದವನೊಬ್ಬ, ಕೈಯಲ್ಲಿ ನಾಲ್ಕು ದಿನದ ರಜೆ ಇಟ್ಟುಕೊಂಡು, ತನಗೆ ಒಂದೊಂದು ಬಂಡೆಯೂ ಹೊಸದಾದ ಬೆಟ್ಟದಲ್ಲಿ ಆ ಒಂದು ಕರಡಿಯನ್ನು ಎಲ್ಲಿ ಹುಡುಕಬೇಕು? ಬೆಟ್ಟದಲ್ಲಿ ಬೇರೆ ಕರಡಿಗಳೂ ಇರುತ್ತವೆ. ಪಾಪದ ಒಂದನ್ನು ಹೊಡೆದುಬಿಟ್ಟರೆ ಕೊಲೆಗಾರ ಉಳಿದೇ ಉಳಿಯುತ್ತದೆ.

ಇಂಥ ಬೇಟೆಯ ಯೋಜನೆ ಕೋವಿಯಿಂದ ಶುರುವಾಗುವುದಿಲ್ಲ, ಊಟದಿಂದ ಶುರುವಾಗುತ್ತದೆ. ಈ ವಾರ ಬೆಟ್ಟದಲ್ಲಿ ಯಾವ ಮರ ಹಣ್ಣಾಗಿದೆ, ಯಾವ ಹೊಲದಲ್ಲಿ ಕಡಲೆಕಾಯಿ ಬಲಿತಿದೆ, ಯಾವ ಕಡೆ ಹುತ್ತಗಳನ್ನು ಹೊಸದಾಗಿ ಬಗೆದಿದೆ, ನೀರು ಎಲ್ಲಿ ಉಳಿದಿದೆ. ಇದನ್ನು ಹೇಳಬಲ್ಲವರು ಕುರಿ ದನ ಕಾಯುವವರು, ಅದರಲ್ಲೂ ಹುಡುಗರು. ಆಮೇಲೆ ಹಿಕ್ಕೆ ನೋಡಬೇಕು. ಅದರಲ್ಲಿರುವ ಬೀಜವೇ ರಾತ್ರಿ ಅದು ಎಲ್ಲಿತ್ತೆಂದು ಹೇಳುತ್ತದೆ. ಹೆಜ್ಜೆ ನೋಡಬೇಕು, ಕರಡಿಯ ಹಿಂಗಾಲಿನ ಹೆಜ್ಜೆ ಬರಿಗಾಲ ಮನುಷ್ಯನ ಹೆಜ್ಜೆಯ ಹಾಗೇ ಇರುತ್ತದೆ, ಉಗುರಿನ ಗುರುತು ಇಲ್ಲದಿದ್ದರೆ ಹೊಸಬ ಮೋಸ ಹೋಗುತ್ತಾನೆ. ಹಗಲು ಅದು ಮಲಗುವ ಗವಿಗಳು ಯಾವುವು, ಅಲ್ಲಿಂದ ಹಣ್ಣಿನ ಮರಕ್ಕೆ ಇಳಿಯುವ ಜಾಡು ಯಾವುದು. ಸಂಜೆ ಗಾಳಿ ಬೆಟ್ಟದಿಂದ ಕೆಳಕ್ಕೆ ಇಳಿಯುತ್ತದೆಯೋ, ಬಯಲಿನಿಂದ ಮೇಲಕ್ಕೆ ಏರುತ್ತದೆಯೋ. ಬೆಳದಿಂಗಳ ಪಕ್ಷವೋ ಕತ್ತಲ ಪಕ್ಷವೋ. ಕತ್ತಲಾದರೆ ಕೋವಿಯ ನಳಿಗೆಗೆ ಟಾರ್ಚು ಬಿಗಿದುಕೊಳ್ಳಬೇಕು. ಗಾಯಗೊಂಡರೆ ಹತ್ತಿರದ ಆಸ್ಪತ್ರೆ ಎಷ್ಟು ದೂರ, ಹೊತ್ತು ಒಯ್ಯಲು ಜೊತೆಗೆ ಎಷ್ಟು ಜನ. ಎಲ್ಲಕ್ಕಿಂತ ಮಿಗಿಲಾಗಿ, ಊರವರು ಇವನನ್ನು ನಂಬಿ ಬಾಯಿಬಿಡುತ್ತಾರೆಯೇ. ಕರಡಿ ಬಂದ ಸುದ್ದಿ ಎರಡು ದಿನ ತಡವಾಗಿ ಸಿಕ್ಕರೆ ಅದು ಸಿಕ್ಕದಿದ್ದಂತೆಯೇ.

ಇಷ್ಟೆಲ್ಲ ತಿಳಿದ ಮನುಷ್ಯನಿಗೂ ಆ ಕರಡಿ ಸುಲಭವಾಗಿ ಸಿಗಲಿಲ್ಲ. ದರ್ಗಾದ ಬಳಿ ಕಾದರು, ಬರಲಿಲ್ಲ. ಬೆಟ್ಟ ಹತ್ತಿ ಹುಡುಕಿದರು, ಕಾಣಲಿಲ್ಲ. ರಜೆ ಮುಗಿದು ಬರಿಗೈಯಲ್ಲಿ ಬೆಂಗಳೂರಿಗೆ ಮರಳಿದರು. ಬೇಟೆಯ ಪುಸ್ತಕ ಬರೆಯುವವರು ಸಾಮಾನ್ಯವಾಗಿ ಇಂಥ ದಿನಗಳನ್ನು ಬಿಟ್ಟುಬಿಡುತ್ತಾರೆ, ಆಂಡರ್ಸನ್ ಬಿಡಲಿಲ್ಲ. ನಂತರ ಕರಡಿ ಪಶ್ಚಿಮಕ್ಕೆ ಸರಿದು ಚಿಕ್ಕಮಗಳೂರಿನ ಕಡೆಯ ಸಖರಾಯಪಟ್ಟಣದ ಕಾಡಿನಲ್ಲಿ ಮರ ಕಡಿಯುವವರ ಮೇಲೆ ಬಿದ್ದ ಸುದ್ದಿ ಬಂತು. ಮತ್ತೆ ಹೊರಟರು. ಬೆಟ್ಟ ಬೇರೆ, ಜನ ಬೇರೆ, ಎಲ್ಲ ವಿಚಾರಣೆಯೂ ಮೊದಲಿನಿಂದ. ಹೀಗೆ ಒಂದಕ್ಕಿಂತ ಹೆಚ್ಚು ಸಲ ಸೋತ ಮೇಲೆ, ಕೊನೆಗೊಂದು ರಾತ್ರಿ ಟಾರ್ಚಿನ ಬೆಳಕಿನಲ್ಲಿ ಅದು ಅವರಿಗೆ ಸಿಕ್ಕಿತು. ಅಷ್ಟರಲ್ಲಿ ಹನ್ನೆರಡು ಮನೆಗಳಲ್ಲಿ ದೀಪ ಆರಿತ್ತು. 1957ರಲ್ಲಿ ಬಂದ ಎರಡನೆಯ ಪುಸ್ತಕದಲ್ಲಿ ಈ ಕಥೆ ಬರೆಯುವಾಗ ಅವರು ಶೀರ್ಷಿಕೆಯಲ್ಲಿ ಕರಡಿಗಿಂತ ಮೊದಲು ಆಲಂ ಬಕ್ಷನ ಹೆಸರನ್ನು ಇಟ್ಟರು. ಮಗ ಸತ್ತ ಬಡವನ ಹೆಸರು ಹಾಗೆ ಉಳಿಯಿತು.

ಇದೇ ಆಂಡರ್ಸನ್ ಅವರ ಮನೆಯಲ್ಲಿ ಒಂದು ಕರಡಿ ಸಾಕುಮಗುವಾಗಿ ಬೆಳೆಯಿತು ಎಂದರೆ ಮೊದಲ ಸಲ ಕೇಳುವವರಿಗೆ ಆಶ್ಚರ್ಯವಾಗುತ್ತದೆ. ಮೈಸೂರಿನ ಹತ್ತಿರ ಕಬ್ಬಿನ ಗದ್ದೆಗಳ ನಡುವೆ ಒಮ್ಮೆ ಅವರು ಜೊತೆಗಾರರೊಡನೆ ಹೋಗುತ್ತಿದ್ದರು. ಬೆಳೆ ಹಾಳುಮಾಡುವ ಕಾಡುಹಂದಿಗಳನ್ನು ಜನ ಓಡಿಸುತ್ತಿದ್ದರು. ಆ ಗದ್ದಲಕ್ಕೆ ಒಂದು ಕರಡಿ ಹೊರಬಂದು ಬಿಸಿಲಿನಲ್ಲಿ ಉಸಿರುಬಿಡುತ್ತ ನಿಂತಿತು. ಜೊತೆಗಾರರಲ್ಲೊಬ್ಬ ಯಾವ ಕಾರಣವೂ ಇಲ್ಲದೆ ಅದನ್ನು ಹೊಡೆದು ಕೆಡವಿದ. ಹತ್ತಿರ ಹೋಗಿ ನೋಡಿದರೆ ಅದರ ಬೆನ್ನ ಮೇಲೆ ಮರಿ. ತಾಯಿಯ ಸುತ್ತ ಓಡುತ್ತ ಅಳುತ್ತಿದ್ದ ಮರಿಯನ್ನು ಹಿಡಿದು ಬೆಂಗಳೂರಿಗೆ ತಂದು ಆಂಡರ್ಸನ್ ಹೆಂಡತಿಗೆ ಕೊಟ್ಟರು. ಆಕೆ ಕೊರಳಿಗೆ ಬಣ್ಣದ ರಿಬ್ಬನ್ ಕಟ್ಟಿ ಬ್ರೂನೋ ಎಂದು ಹೆಸರಿಟ್ಟರು.

ಬ್ರೂನೋ ಬಾಟಲಿಯ ಹಾಲಿನಿಂದ ಶುರುಮಾಡಿ ಅನ್ನ, ತರಕಾರಿ, ಮಾಂಸ, ಸಿಹಿ, ಚಹ, ಕಾಫಿ ಎನ್ನದೆ ಎಲ್ಲವನ್ನೂ ತಿಂದು ಕುಡಿದು ಬೆಳೆಯಿತು. ಇಲಿಗೆಂದು ಇಟ್ಟಿದ್ದ ಬೇರಿಯಂ ಕಾರ್ಬೊನೇಟ್ ತಿಂದು ಕೈಕಾಲು ಬಿದ್ದುಹೋಗಿ, ಪಶುವೈದ್ಯರ ಎರಡು ಚುಚ್ಚುಮದ್ದಿನಿಂದ ಬದುಕಿತು. ಇನ್ನೊಮ್ಮೆ ಹಳೆಯ ಎಂಜಿನ್ ಎಣ್ಣೆಯನ್ನು ಗ್ಯಾಲನ್ನಿನಷ್ಟು ಕುಡಿದು ಏನೂ ಆಗದೆ ಓಡಾಡಿಕೊಂಡಿತ್ತು. ದೊಡ್ಡದಾದ ಮೇಲೆ ಸರಪಳಿ ಹಾಕಬೇಕಾಯಿತು. ಮನೆಯವರೆಲ್ಲ ಒತ್ತಾಯಿಸಿ ಅದನ್ನು ಮೈಸೂರಿನ ಮೃಗಾಲಯಕ್ಕೆ ಕೊಡಿಸಿದರು. ಅಲ್ಲಿ ಕರಡಿ ಊಟ ಬಿಟ್ಟಿತು, ಇಲ್ಲಿ ಒಡತಿ ಊಟ ಬಿಟ್ಟರು. ಮೂರು ತಿಂಗಳ ಮೇಲೆ ಆಕೆ ನೋಡಲು ಹೋದಾಗ ದೂರದಿಂದಲೇ ಗುರುತು ಹಿಡಿದು ಕೂಗಿತು. ಕೊನೆಗೆ ಅಧಿಕಾರಿಗಳ ಒಪ್ಪಿಗೆ ಪಡೆದು, ಬೋನಿನಲ್ಲಿಟ್ಟು ಲಾರಿಯಲ್ಲಿ ಬೆಂಗಳೂರಿಗೆ ವಾಪಸು ತಂದರು. ಮನೆಯ ಅಂಗಳದಲ್ಲಿ ಇಪ್ಪತ್ತು ಅಡಿಗೆ ಹದಿನೈದು ಅಡಿಯ ಒಂದು ಚಿಕ್ಕ ದ್ವೀಪ. ಸುತ್ತಲೂ ಆರಡಿ ಅಗಲ, ಏಳಡಿ ಆಳದ ಕಂದಕ. ಒಡತಿ ಕೊಂಬೆಗೆ ಕಟ್ಟಿದ ಹಗ್ಗ ಹಿಡಿದು ತೂಗಿಕೊಂಡು ದ್ವೀಪಕ್ಕೆ ಇಳಿಯುತ್ತಿದ್ದರಂತೆ.

ನಮ್ಮಲ್ಲಿ ಖಲಂದರರು ಕರಡಿಯನ್ನು ಮೂಗುದಾರ ಹಾಕಿ ಊರೂರಿಗೆ ತಂದು ಕುಣಿಸುತ್ತಿದ್ದುದನ್ನು ನೋಡಿದವರು ಈ ಪುಸ್ತಕದ ಓದುಗರಲ್ಲೇ ಹಲವರಿದ್ದಾರೆ. ಮಕ್ಕಳ ಹೆದರಿಕೆ ಹೋಗಲೆಂದು ಅದರ ಕೂದಲಿನ ತಾಯಿತ ಕಟ್ಟಿಸಿಕೊಂಡವರೂ ಇರಬಹುದು. ಆ ಕರಡಿಗಳಲ್ಲಿ ಒಂದೊಂದಕ್ಕೂ ಹೀಗೆ ಸತ್ತ ಒಂದು ತಾಯಿ ಇತ್ತು. ಆಗ ನಾವು ಅದನ್ನು ಯೋಚಿಸಿರಲಿಲ್ಲ.

ವಯಸ್ಸಾದಂತೆ ಆಂಡರ್ಸನ್ ಕೋವಿಗಿಂತ ಕ್ಯಾಮೆರಾ ಒಳ್ಳೆಯದೆಂದು ಹೇಳತೊಡಗಿದರು. ಕೊನೆಯ ಪುಸ್ತಕಗಳಲ್ಲಿ ಕಾಡು ಕರಗುತ್ತಿರುವುದರ, ಕಳ್ಳಬೇಟೆಯವರ, ಜೀಪಿನ ದೀಪ ಹಾಕಿ ಜಿಂಕೆ ಹೊಡೆಯುವವರ ಮೇಲಿನ ಕೋಪ ಎದ್ದು ಕಾಣುತ್ತದೆ. ಅವರೂ ಒಂದು ಕಾಲಕ್ಕೆ ಸಂತೋಷಕ್ಕಾಗಿ ಬೇಟೆಯಾಡಿದವರೇ ಎಂಬುದನ್ನು ಮರೆಯಬಾರದು. ಅದನ್ನು ಅವರು ಮುಚ್ಚಿಡಲೂ ಇಲ್ಲ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. ಎರಡು ವರ್ಷದ ನಂತರ, 1974ರ ಆಗಸ್ಟ್ 30ರಂದು, ಕ್ಯಾನ್ಸರಿನಿಂದ ಅವರು ಬೆಂಗಳೂರಿನಲ್ಲಿ ತೀರಿಕೊಂಡರು. ಕಾಡಿನ ನೆನಪುಗಳ ಕೊನೆಯ ಪುಸ್ತಕ ಅವರು ಹೋದ ಮೇಲೆ 1976ರಲ್ಲಿ ಹೊರಬಂತು.

ಕನ್ನಡದ ಓದುಗರ ಮನೆಗೆ ಅವರನ್ನು ಕರೆತಂದವರು ಪೂರ್ಣಚಂದ್ರ ತೇಜಸ್ವಿ. ಕಾಡಿನ ಕಥೆಗಳು ಎಂಬ ಮಾಲೆಯಲ್ಲಿ ಆಂಡರ್ಸನ್ ಕಥೆಗಳನ್ನು ತೇಜಸ್ವಿ ತಮ್ಮದೇ ಕನ್ನಡದಲ್ಲಿ ಹೇಳಿದರು. ಜಾಲಹಳ್ಳಿಯ ಕುರ್ಕ, ಪೆದ್ದಚೆರುವಿನ ರಾಕ್ಷಸ, ಮುನಿಶಾಮಿ ಎಂದರೆ ಈಗ ಹಳ್ಳಿಯ ಹುಡುಗರಿಗೂ ಗೊತ್ತು. ಆಂಡರ್ಸನ್ ಇಂಗ್ಲಿಷಿನಲ್ಲಿ ಬರೆದದ್ದಾದರೂ ಅದರೊಳಗಿನ ಜನ, ಅವರ ಹೆದರಿಕೆ, ಅವರ ಸುಳ್ಳು, ಅವರ ಉಪಾಯ ಎಲ್ಲವೂ ನಮ್ಮದಾಗಿದ್ದುದರಿಂದ ಅವು ಕನ್ನಡಕ್ಕೆ ಬಂದಾಗ ಮನೆಗೆ ಮರಳಿದ ಹಾಗಿತ್ತು.

ಬ್ರೂನೋನ ಕಥೆಯಂತೂ ರಾಷ್ಟ್ರೀಯ ಪಠ್ಯಕ್ರಮದ ಒಂಬತ್ತನೆಯ ತರಗತಿಯ ಇಂಗ್ಲಿಷ್ ಪುಸ್ತಕದಲ್ಲಿ ಹಲವು ವರ್ಷ ಪಾಠವಾಗಿತ್ತು. ದೇಶದ ಎಲ್ಲೆಡೆಯ ಮಕ್ಕಳು ಅದನ್ನು ಓದಿದ್ದಾರೆ. ಆ ಪಾಠದಲ್ಲಿ ತಾಯಿ ಕರಡಿ ಸಾಯುವುದು ಮೊದಲ ಪುಟದಲ್ಲೇ, ಕೆಲವೇ ಸಾಲುಗಳಲ್ಲಿ. ಉಳಿದ ಪುಟಗಳೆಲ್ಲ ಮರಿಯವು.